ಯೋಗದಲ್ಲಿ ಎಚ್ಚರ, ಬಾಳಿನಲ್ಲಿ ಎಚ್ಚರ

ಯೋಗವೆಂಬ ಶಬ್ದವು ಈಗ ಮನೆಮಾತಾಗಿರುವುದು. ೨೦೧೪ನೆಯ ಇಸವಿಯಲ್ಲಿ ವಿಶ್ವಸಂಸ್ಥೆಯು ಜೂನ್ ೨೧ನೆಯ ದಿನವನ್ನು ಅಂತರರಾಷ್ಟ್ರೀಯ ಯೋಗದಿನವೆಂದು ಗೊತ್ತುಪಡಿಸಿತು. ೨೦೧೫ರಿಂದ ವರ್ಷಕ್ಕೊಮ್ಮೆ ಶಾಲೆಯ ಬಯಲುಗಳಲ್ಲಿಯೂ ಮಠಗಳ ಅಂಗಳಗಳಲ್ಲಿಯೂ ಜನರು ಸಾಲುಗಟ್ಟಿ ನಿಂತು ಆಸನಗಳನ್ನು ಹಾಕುವರು. ಪಟ್ಟಣಗಳಂತೆ ಅಕ್ಕಿಆಲೂರು ಮೊದಲಾದ ಗ್ರಾಮಗಳ ಎಳೆಯರಿಗೂ ಪದ್ಮಾಸನ ಭುಜಂಗಾಸನಗಳ ಹೆಸರು ಬಾಯಿಪಾಠವಾಗಿದೆ. ಇದು ಸಂತೋಷದ ಸಂಗತಿಯೇ ಸರಿ. ಆದರೆ ಚಾಪೆಯನ್ನು ಸುತ್ತಿ ಮೂಲೆಯಲ್ಲಿ ಇಟ್ಟ ತರುವಾಯ ಆ ಯೋಗವು ಎಲ್ಲಿಗೆ ಹೋಗುವುದು? ಬೆಳಗಿನ ಆರು ಗಂಟೆಗೆ ಉಸಿರನ್ನು ಅಷ್ಟೊಂದು ಲಕ್ಷ್ಯವಿಟ್ಟು ನೋಡಿದವನು ಹತ್ತು ಗಂಟೆಗೆ ಅಂಗಡಿಯಲ್ಲಿ ಕುಳಿತಾಗ ತನ್ನ ಮಾತನ್ನೂ ತನ್ನ ತೂಕವನ್ನೂ ಅದೇ ಲಕ್ಷ್ಯದಿಂದ ನೋಡುವನೇ? ನೋಡದಿದ್ದರೆ ಬೆಳಗಿನ ಆ ಸಾಧನೆಯನ್ನು ಯೋಗವೆನ್ನಬಹುದೇ? ಈ ಪ್ರಶ್ನೆಯನ್ನು ಸ್ವಲ್ಪ ವಿಚಾರಿಸಿ ನೋಡುವುದು ಯುಕ್ತವಾಗಿದೆ.

ಮೊದಲು ಶಾಸ್ತ್ರದ ಕಡೆಗೆ ದೃಷ್ಟಿಯನ್ನು ಹೊರಳಿಸಬೇಕು. ಪತಂಜಲಿಯ ಯೋಗಸೂತ್ರಗಳು ನಾಲ್ಕು ಪಾದಗಳಲ್ಲಿ ಸೇರಿ ಸುಮಾರು ೧೯೫ ಇರುವುವು. ಇವುಗಳಲ್ಲಿ ಆಸನದ ಲಕ್ಷಣವನ್ನೂ ಅದರ ಫಲವನ್ನೂ ನೇರವಾಗಿ ಹೇಳುವ ಸೂತ್ರಗಳು ಮೂರೇ ಮೂರು. ಅಷ್ಟಾಂಗಗಳ ಎಣಿಕೆಯಲ್ಲಿಯೂ ಆಸನಕ್ಕೆ ಮೂರನೆಯ ಸ್ಥಾನ. ಅದಕ್ಕಿಂತ ಮುಂಚೆ ಅಹಿಂಸೆ, ಸತ್ಯ, ಅಸ್ತೇಯ, ಬ್ರಹ್ಮಚರ್ಯ, ಅಪರಿಗ್ರಹಗಳೆಂಬ ಯಮಗಳೂ, ಶೌಚ, ಸಂತೋಷ, ತಪಸ್ಸು, ಸ್ವಾಧ್ಯಾಯ, ಈಶ್ವರಪ್ರಣಿಧಾನಗಳೆಂಬ ನಿಯಮಗಳೂ ಬಂದಿರುವುವು. ಮನೆಯನ್ನು ಕಟ್ಟುವವನು ಅಡಿಪಾಯವನ್ನು ಹಾಕದೆ ಮಾಳಿಗೆಗೆ ಏಣಿಯನ್ನು ಇಡನಷ್ಟೆ. ಆದರೆ ಅಡಿಪಾಯವು ನೆಲದೊಳಗೆ ಅಡಗಿರುವುದರಿಂದ ನೋಡುವವರ ಕಣ್ಣಿಗೆ ಬೀಳದು, ಮಾಳಿಗೆಯು ಬೀಳುವುದು. ಯಮನಿಯಮಗಳನ್ನು ಬಿಟ್ಟು ಆಸನವನ್ನೇ ಯೋಗವೆಂದು ಕರೆಯುವ ರೂಢಿಗೆ ಇದೇ ಕಾರಣವಾಗಿರಬಹುದು.

ಹಾಗೆಂದು ಆಸನವನ್ನು ಕೀಳೆಂದು ಎಣಿಸತಕ್ಕದ್ದಲ್ಲ. ಅದು ಲಕ್ಷ್ಯವನ್ನು ಕಲಿಸುವ ಒಳ್ಳೆಯ ಪಾಠಶಾಲೆ. ಸೂತ್ರಕಾರನು ಆಸನಕ್ಕೆ ಬೇಡುವ ಗುಣಗಳು ಎರಡು: ಅಲುಗದಿರುವ ಸ್ಥಿರತೆ, ನೋಯದಿರುವ ಸುಖ. ಇವೆರಡೂ ಒಂದಕ್ಕೊಂದು ವಿರೋಧಿಗಳಂತೆ ತೋರುವುವು. ಸ್ಥಿರತೆಗಾಗಿ ಬಿಗಿದರೆ ಸುಖವು ಕೆಡುವುದು. ಸುಖಕ್ಕಾಗಿ ಸಡಿಲಿಸಿದರೆ ಬೆನ್ನು ಬಾಗುವುದು. ಎಷ್ಟು ಬಿಗಿಯಬೇಕು, ಎಲ್ಲಿ ಸಡಿಲಿಸಬೇಕು ಎಂಬುದನ್ನು ಹೊರಗಿನವನು ಹೇಳಿದರೆ ಅರ್ಧ ಮಾತ್ರ ತಿಳಿಯುವುದು. ಉಳಿದರ್ಧವನ್ನು ಸಾಧಕನು ತನ್ನ ಉಸಿರಿನಿಂದಲೇ ಅರಿತುಕೊಳ್ಳಬೇಕು. ಉಸಿರು ತುಂಡುತುಂಡಾಯಿತೋ, ಶರೀರವು ತನ್ನ ಅಳವನ್ನು ಮೀರಿತೆಂದು ತಿಳಿಯಬೇಕು. ಪಕ್ಕದವನು ನೆಲವನ್ನು ಮುಟ್ಟಿದನೆಂದು ತಾನೂ ಮುಟ್ಟಹೋಗಿ ಸೊಂಟವನ್ನು ನೋಯಿಸಿಕೊಳ್ಳುವವನಲ್ಲಿ ಬಲವಿದೆ, ಹಟವಿದೆ, ಲಕ್ಷ್ಯವಿಲ್ಲ. ಯೋಗಕ್ಕೂ ಕೇವಲ ವ್ಯಾಯಾಮಕ್ಕೂ ಇರುವ ಅಂತರವು ಈ ಲಕ್ಷ್ಯದಲ್ಲಿಯೇ ಇರುವುದು. ಚಿತ್ತವನ್ನು ಕದಡುವ ಒಂಬತ್ತು ಅಂತರಾಯಗಳನ್ನು ಎಣಿಸುವಾಗ ವ್ಯಾಧಿ ಆಲಸ್ಯಗಳೊಡನೆ ಪ್ರಮಾದವನ್ನೂ, ಅಂದರೆ ಎಚ್ಚರಗೇಡಿತನವನ್ನೂ, ಸೂತ್ರಕಾರನು ಸೇರಿಸಿರುವುದನ್ನು ಮರೆಯಬಾರದು.

ಇಲ್ಲಿ ಒಂದು ಪೂರ್ವಪಕ್ಷವು ಏಳುವುದು. ಈಗಿನ ಕಾಲದಲ್ಲಿ ಪಶ್ಚಿಮ ದೇಶಗಳಲ್ಲಿ ಈ ಲಕ್ಷ್ಯವನ್ನೇ ಪ್ರತ್ಯೇಕವಾಗಿ ಎತ್ತಿ ಒಂದು ಚಿಕಿತ್ಸೆಯನ್ನಾಗಿ ಮಾಡಿರುವರು. ೧೯೭೯ರಲ್ಲಿ ಅಮೆರಿಕೆಯ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಶಾಲೆಯಲ್ಲಿ ಜಾನ್ ಕಬಟ್-ಜಿನ್ ಎಂಬ ವಿದ್ವಾಂಸರು, ಬಹುಕಾಲದ ನೋವಿನಿಂದ ಬಳಲುವ ರೋಗಿಗಳಿಗೆ ಬೌದ್ಧರ ಧ್ಯಾನವನ್ನೂ ಹಠಯೋಗದ ಆಸನಗಳನ್ನೂ ಕೂಡಿಸಿ ಕಲಿಸಲು ಆರಂಭಿಸಿದರು. ಈ ಕ್ಷಣದಲ್ಲಿ ನಡೆಯುವುದನ್ನು, ಒಳ್ಳೆಯದು ಕೆಟ್ಟದು ಎಂಬ ತೀರ್ಪನ್ನು ಕೊಡದೆ, ಬೇಕೆಂದೇ ಲಕ್ಷ್ಯವಿಟ್ಟು ನೋಡುವುದು ಅವರ ಪದ್ಧತಿಯ ತಿರುಳು. ನೋವಿನ ಮೇಲೆ ಭಯವನ್ನೂ ಭಯದ ಮೇಲೆ ಸಿಟ್ಟನ್ನೂ ಹೇರಿಕೊಂಡು ಕುಗ್ಗಿದ ರೋಗಿಗೆ ಇದರಿಂದ ಉಪಶಮನ ದೊರೆಯುವುದೆಂಬುದು ಬುದ್ಧಿಗೆ ಒಪ್ಪುವ ಮಾತೇ. ಹೀಗಿರಲು, “ಇಷ್ಟೇ ಸಾಲದೇ? ಸುಮ್ಮನೆ ಎಚ್ಚರದಿಂದಿದ್ದರೆ ಸರಿಯಾದ ನಡತೆಯು ತಾನಾಗಿಯೇ ಬರುವುದು; ಯಮನಿಯಮಗಳ ಭಾರವೇಕೆ?” ಎಂದು ಕೇಳುವವರು ಇರುವರು.

ಇದಕ್ಕೆ ಸಮಾಧಾನವನ್ನು ಹುಡುಕಲು ದೂರ ಹೋಗಬೇಕಾಗಿಲ್ಲ. ಕೆರೆಗಳಿಗೆ ಕೊರತೆಯಿಲ್ಲದ ಹಾನಗಲ್ಲ ಸೀಮೆಯಲ್ಲಿ ಯಾವ ಕೆರೆಯ ಅಂಚಿಗೆ ಹೋದರೂ ಒಂಟಿಕಾಲಿನಲ್ಲಿ ನಿಂತ ಬಕಪಕ್ಷಿಯನ್ನು ಕಾಣಬಹುದು. ಅದರಷ್ಟು ನಿಶ್ಚಲರಾದವರು ಯಾರು? ಉಸಿರಾಡುವುದೋ ಇಲ್ಲವೋ ತಿಳಿಯದು. ಲಕ್ಷ್ಯವೆಲ್ಲ ನೀರಿನ ಒಂದು ಗುಳ್ಳೆಯ ಮೇಲೆ. ಕನ್ನಕೊರೆಯುವ ಕಳ್ಳನ ಕಿವಿಯು ಯೋಗಿಯ ಕಿವಿಗಿಂತ ಚುರುಕು. ತೂಕದಲ್ಲಿ ಮೋಸ ಮಾಡುವ ವ್ಯಾಪಾರಿಯು ತನ್ನ ಬೆರಳಿನ ಒಂದೊಂದು ಚಲನೆಯನ್ನೂ ಬಲ್ಲನು. ಗಿರಾಕಿಯ ಕಣ್ಣು ಎತ್ತ ತಿರುಗಿತೆಂಬುದನ್ನೂ ಬಲ್ಲನು. ಇವರೆಲ್ಲರೂ ಏಕಾಗ್ರಚಿತ್ತರು, ವರ್ತಮಾನ ಕ್ಷಣವನ್ನು ಬಿಟ್ಟು ಅತ್ತಿತ್ತ ಚಲಿಸದವರು. ಆದುದರಿಂದ ಬರಿಯ ಲಕ್ಷ್ಯವು ಹರಿತವಾದ ಕುಡುಗೋಲಿನಂತೆ. ಅದು ಪೈರನ್ನೂ ಕೊಯ್ಯುವುದು, ಕೈಯನ್ನೂ ಕೊಯ್ಯುವುದು. ಅದಕ್ಕೆ ದಿಕ್ಕನ್ನು ಕೊಡುವುದು ಬೇರೊಂದು ಇರಬೇಕು.

ಆ ಬೇರೊಂದು ಯಾವುದೆಂಬುದು ಶಬ್ದದಲ್ಲಿಯೇ ಅಡಗಿದೆ. ಪಶ್ಚಿಮದವರು ಯಾವ ಪಾಲಿ ಶಬ್ದವನ್ನು ತಮ್ಮ ಭಾಷೆಗೆ ತಂದುಕೊಂಡರೋ ಅದು ‘ಸತಿ’ ಎಂಬುದು. ಸಂಸ್ಕೃತದಲ್ಲಿ ಅದೇ ‘ಸ್ಮೃತಿ’. ಸ್ಮೃತಿಯೆಂದರೆ ನೆನಪು. ಹಾನಗಲ್ಲಿಗೆ ಅನತಿದೂರದ ಮುಂಡಗೋಡದಲ್ಲಿ ೧೯೬೬ರಿಂದ ನೆಲೆಸಿರುವ ಟಿಬೇಟಿನವರ ಮಠಗಳಲ್ಲಿಯೂ ಈ ಸಾಧನೆಗೆ ಬಳಸುವ ಶಬ್ದಕ್ಕೆ ನೆನಪು ಎಂದೇ ಅರ್ಥ. ಅವರು ಗೌರವದಿಂದ ಓದುವ ಶಾಂತಿದೇವನ ‘ಬೋಧಿಚರ್ಯಾವತಾರ’ವೆಂಬ ಸಂಸ್ಕೃತ ಗ್ರಂಥದ ಐದನೆಯ ಪರಿಚ್ಛೇದದಲ್ಲಿ ಚಿತ್ತವನ್ನು ಮದ್ದಾನೆಗೂ ಸ್ಮೃತಿಯನ್ನು ಅದನ್ನು ಕಟ್ಟುವ ಹಗ್ಗಕ್ಕೂ ಹೋಲಿಸಲಾಗಿದೆ. ಬುದ್ಧನು ಹೇಳಿದ ಅಷ್ಟಾಂಗ ಮಾರ್ಗದಲ್ಲಿ ಸಮ್ಯಕ್ ಸ್ಮೃತಿಯು ಏಳನೆಯದು. ಸರಿಯಾದ ಮಾತು, ಸರಿಯಾದ ಕೆಲಸ, ಸರಿಯಾದ ಜೀವನೋಪಾಯ ಇವು ಅದಕ್ಕಿಂತ ಮುಂಚೆ ಬರುವುವು. ಪತಂಜಲಿಯ ಕ್ರಮಕ್ಕೂ ಈ ಕ್ರಮಕ್ಕೂ ಇರುವ ಹೊಂದಿಕೆಯು ಆಕಸ್ಮಿಕವಲ್ಲ. ಗೀತೆಯ ಎರಡನೆಯ ಅಧ್ಯಾಯವು ಮನುಷ್ಯನ ಪತನವನ್ನು ಹೇಳುವಾಗಲೂ, ವಿಷಯಚಿಂತನೆಯಿಂದ ಮೊದಲಾಗಿ ಕಾಮ ಕ್ರೋಧ ಮೋಹಗಳನ್ನು ದಾಟಿ, ಸ್ಮೃತಿಯು ಕೆಟ್ಟಾಗಲೇ ಬುದ್ಧಿಯು ನಾಶವಾಗುವುದೆಂದು ತೋರಿಸಿದೆ. ಇಲ್ಲಿ ಮರೆತುಹೋದುದು ಯಾವುದು? ಸಿಟ್ಟುಗೊಂಡವನು ತನ್ನ ಹೆಸರನ್ನಾಗಲಿ ಊರನ್ನಾಗಲಿ ಮರೆಯುವುದಿಲ್ಲ. ತಾನು ಏನಾಗಬೇಕೆಂದು ನಿಶ್ಚಯಿಸಿಕೊಂಡಿದ್ದನೋ ಅದನ್ನು ಮರೆಯುವನು. ಆಯ್ಕೆಯ ಕ್ಷಣದಲ್ಲಿ ತನ್ನ ನಿಶ್ಚಯವು ನೆನಪಿಗೆ ಬರುವುದೇ ಎಚ್ಚರ.

ಈ ತತ್ತ್ವಕ್ಕೆ ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಒಂದು ನಿದರ್ಶನವು ದೊರೆಯುವುದು. ಆಯ್ದಕ್ಕಿಯ ಮಾರಯ್ಯ ಮತ್ತು ಲಕ್ಕಮ್ಮ ಎಂಬ ಶರಣದಂಪತಿಗಳು ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದನ್ನೇ ಕಾಯಕವನ್ನಾಗಿ ಮಾಡಿಕೊಂಡಿದ್ದರು. ಒಂದು ದಿನ ಮಾರಯ್ಯನು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದನು. ಬಡವರ ಮನೆಗೆ ಹೆಚ್ಚು ಅಕ್ಕಿ ಬಂದರೆ ಹಿಗ್ಗುವುದು ಲೋಕದ ರೀತಿ. ಲಕ್ಕಮ್ಮನಾದರೋ ಆ ಹೆಚ್ಚಳವನ್ನು ಗುರುತಿಸಿ, ಇದು ತಮಗೆ ಸಲ್ಲದ ಆಸೆಯೆಂದು ಗಂಡನಿಗೆ ತಿಳಿಸಿ, ಎಲ್ಲಿಂದ ತಂದನೋ ಅಲ್ಲಿಯೇ ಚೆಲ್ಲಿ ಬರಲು ಹೇಳಿದಳು. ಮಾರಯ್ಯನು ಕಳವು ಮಾಡಿರಲಿಲ್ಲ. ಯಾರೂ ಕೇಳುವಂತೆಯೂ ಇರಲಿಲ್ಲ. ಹಿಡಿ ಅಕ್ಕಿಯ ಅಂತರವನ್ನು ಕಂಡ ಲಕ್ಕಮ್ಮನ ಕಣ್ಣು ಲಕ್ಷ್ಯವುಳ್ಳದ್ದು ಹೌದು. ಆದರೆ ಅಷ್ಟನ್ನು ಜಿಪುಣನ ಕಣ್ಣೂ ಕಾಣುವುದು. ಅಕ್ಕಿಯ ಹೆಚ್ಚಳವು ಕಂಡೊಡನೆ ಕಾಯಕದ ವ್ರತವು ನೆನಪಾದುದು ಆಕೆಯ ಹಿರಿಮೆ. ತೀರ್ಪು ಕೊಡದೆ ನೋಡುತ್ತ ನಿಂತಿದ್ದರೆ ಆ ಅಕ್ಕಿಯು ಗಡಿಗೆಯಲ್ಲಿ ಬೀಳುತ್ತಿತ್ತು. ನಾಳೆಯ ದಿನ ಆ ಹೆಚ್ಚಳವೇ ನಿತ್ಯದ ಅಳತೆಯಾಗುತ್ತಿತ್ತು. ಗಂಡನನ್ನು ಆಕೆ ತಿದ್ದಿದ ರೀತಿಯೂ ಗಮನಾರ್ಹವಾದುದು. ಆಕೆ ಅವನನ್ನು ತ್ಯಜಿಸಲಿಲ್ಲ. ಅಕ್ಕಿಯನ್ನು ಮಾತ್ರ ತ್ಯಜಿಸಿದಳು.

ಈಗಿನ ವ್ಯವಹಾರದಲ್ಲಿ ಇದು ಹೇಗೆ ಬರುವುದೆಂಬುದನ್ನು ಯೋಗಸೂತ್ರಗಳ ಎರಡನೆಯ ಪಾದದ ಒಂದು ವಿಂಗಡಣೆಯು ಚೆನ್ನಾಗಿ ತೋರಿಸುವುದು. ಹಿಂಸೆ ಮುಂತಾದ ದೋಷಗಳು ತಾನೇ ಮಾಡಿದವು, ಪರರಿಂದ ಮಾಡಿಸಿದವು, ಪರರು ಮಾಡಿದಾಗ ಒಪ್ಪಿಕೊಂಡವು ಎಂದು ಮೂರು ಬಗೆ. ಲೋಭದಿಂದ, ಕ್ರೋಧದಿಂದ, ಮೋಹದಿಂದ ಹುಟ್ಟಿದವೆಂದು ಒಂದೊಂದೂ ಮೂರು ಬಗೆ. ಮೃದು, ಮಧ್ಯ, ತೀವ್ರವೆಂದು ಮತ್ತೆ ಮೂರು ಬಗೆ. ಒಟ್ಟು ೨೭ ಆದುವು. ಭಾಷ್ಯಕಾರನಾದ ವ್ಯಾಸನು ಇನ್ನೂ ಸೂಕ್ಷ್ಮವಾಗಿ ಭಾಗಿಸಿ ೮೧ ಎಂದಿರುವನು. ಇದು ಪಂಡಿತರ ವ್ಯರ್ಥ ಗಣಿತವೆಂದು ತೋರಬಹುದು. ಒಂದು ಉದಾಹರಣೆಯಿಂದ ಇದನ್ನು ಪರೀಕ್ಷಿಸಬಹುದು. ಒಬ್ಬ ರೈತನು ಗೋವಿನಜೋಳದ ರಾಶಿಯನ್ನು ಸರಿಯಾಗಿ ಒಣಗಿಸದೆ, ಹಸಿಯ ತೂಕವೂ ಹಣವಾಗಲೆಂದು, ಚೀಲಕ್ಕೆ ತುಂಬುವನೆನ್ನೋಣ. ತಾನೇ ತುಂಬಿದರೆ ಅದು ಮಾಡಿದ ದೋಷ. ಆಳಿಗೆ ಕಣ್ಸನ್ನೆ ಮಾಡಿ ಪೇಟೆಗೆ ಹೋದರೆ ಮಾಡಿಸಿದ ದೋಷ. ನೆರೆಯವನು ಹೀಗೆ ಮಾಡಿದುದನ್ನು ಕೇಳಿ ‘ಜಾಣ’ ಎಂದು ನಕ್ಕರೆ ಒಪ್ಪಿಕೊಂಡ ದೋಷ. ಇನ್ನು ಕಾರಣಗಳು: ನಾಲ್ಕು ಕಾಸು ಹೆಚ್ಚು ಬರಲೆಂಬುದು ಲೋಭ. ಹೋದ ವರ್ಷ ದಲಾಲನು ಮೋಸಮಾಡಿದನು, ಈಗ ಸರಿತೂಗಿತೆಂಬುದು ಕ್ರೋಧ. ಬಂದ ಹಣದಲ್ಲಿ ಜಾತ್ರೆಯ ದಾಸೋಹಕ್ಕೆ ಕೊಡುವುದರಿಂದ ದೋಷವಿಲ್ಲವೆಂಬುದು ಮೋಹ. ಮೊದಲನೆಯದನ್ನು ಎಲ್ಲರೂ ಗುರುತಿಸುವರು. ಎರಡನೆಯದು ನ್ಯಾಯದ ವೇಷವನ್ನು ತೊಟ್ಟು ಬರುವುದು; ಮೂರನೆಯದು ಧರ್ಮದ ವೇಷವನ್ನೇ ತೊಟ್ಟು ಬರುವುದು. ವೇಷವನ್ನು ಕಳಚಿ ನೋಡುವ ಕಣ್ಣು ಬೇಕೆಂದೇ ಆ ಗಣಿತವು ಹುಟ್ಟಿದೆ.

ಮೂರನೆಯ ಬಗೆಯಾದ ಅನುಮೋದನೆಯು ಈ ಕಾಲದಲ್ಲಿ ವಿಶೇಷವಾಗಿ ಬೆಳೆದಿರುವುದು. ಕೈಯೊಳಗಿನ ಮೊಬೈಲಿಗೆ ಒಂದು ಸುದ್ದಿಯು ಬರುವುದು. ಅದು ನಿಜವೋ ಸುಳ್ಳೋ ತಿಳಿಯದು. ಒಂದು ಮನೆತನದ ಮಾನಕ್ಕೋ ಒಂದು ಕೇರಿಯ ನೆಮ್ಮದಿಗೋ ಅದರಿಂದ ಕೇಡಾಗಬಹುದು. ಬೆರಳು ಒಮ್ಮೆ ತಗುಲಿದರೆ ಅದು ನೂರು ಮನೆಗಳಿಗೆ ಹೋಗುವುದು. “ಬರೆದವನು ಇನ್ನಾರೋ, ಕಳಿಸಿದುದಷ್ಟೇ ತನ್ನ ಕೆಲಸ” ಎಂದು ಕಳಿಸಿದವನು ಅಂದುಕೊಳ್ಳುವನು. ಮಾಡುವುದು, ಮಾಡಿಸುವುದು, ಒಪ್ಪುವುದು ಮೂರೂ ಸಮಾನವಾಗಿ ದುಃಖವನ್ನೂ ಅಜ್ಞಾನವನ್ನೂ ಫಲವಾಗಿ ಕೊಡುವುವೆಂದು ಸೂತ್ರಕಾರನ ಸಿದ್ಧಾಂತ. ಬೆರಳು ಇಳಿಯುವ ಮುಂಚೆ ಒಂದು ಉಸಿರಿನಷ್ಟು ತಡೆದರೆ, ಬೆಳಗಿನ ಪ್ರಾಣಾಯಾಮವು ಅಂದು ಸಾರ್ಥಕವಾಯಿತೆಂದು ಹೇಳಬಹುದು.

ಇನ್ನೊಂದು ಆಕ್ಷೇಪವು ದುಡಿಯುವ ಜನರಿಂದ ಬರುವುದು. ಅದು ಮೊದಲಿನದಕ್ಕಿಂತ ಭಾರವಾದುದು. ಬೆಳಗಾದರೆ ಗದ್ದೆ, ಮಧ್ಯಾಹ್ನವಾದರೆ ಕೊಟ್ಟಿಗೆ, ಸಂಜೆಯಾದರೆ ಒಲೆ. ಇದರೊಳಗೆ ಹೆಜ್ಜೆಹೆಜ್ಜೆಗೂ ಎಚ್ಚರದಿಂದಿರೆಂದರೆ ಯಾರಿಗೆ ಸಾಧ್ಯ? ಈ ಆಕ್ಷೇಪಕ್ಕೆ ಕೆರೆಯೇ ಉತ್ತರವನ್ನು ಹೇಳುವುದು. ಕೆರೆಯ ನೀರನ್ನು ಕಾಯುವವನು ನೀರೆಲ್ಲವನ್ನೂ ಹಗಲಿರುಳು ನೋಡುತ್ತ ಕೂರುವುದಿಲ್ಲ. ಅವನ ಲಕ್ಷ್ಯವು ತೂಬಿನ ಮೇಲಿರುವುದು. ತೂಬು ಸರಿಯಾಗಿದ್ದರೆ ನೀರು ತನ್ನ ಪಾಡಿಗೆ ತಾನು ಗದ್ದೆಗೆ ಹರಿಯುವುದು. ಮನುಷ್ಯನ ದಿನಚರಿಯಲ್ಲಿಯೂ ಬಹುಪಾಲು ಕೆಲಸಗಳು ಅಭ್ಯಾಸದಿಂದಲೇ ನಡೆಯುವುವು, ನಡೆಯಲಿ. ತೂಬುಗಳು ಮಾತ್ರ ಕೆಲವೇ ಇರುವುವು: ಊಟಕ್ಕೆ ಕೈಯಿಕ್ಕುವಾಗ, ಮಾತನ್ನು ತೆರೆಯುವಾಗ, ಹಣವನ್ನು ಕೊಡುವಾಗ ಮತ್ತು ಕೊಳ್ಳುವಾಗ. ಈ ಮೂರರಲ್ಲಿ ನಿಲ್ಲುವುದನ್ನು ಕಲಿತರೆ ಸಾಕು.

ಊಟದ ವಿಷಯದಲ್ಲಿ ಸ್ವಾತ್ಮಾರಾಮನ ‘ಹಠಯೋಗಪ್ರದೀಪಿಕೆ’ಯು ಹೊಟ್ಟೆಯ ನಾಲ್ಕರಲ್ಲಿ ಒಂದು ಭಾಗವನ್ನು ಬರಿದಾಗಿ ಬಿಡುವುದನ್ನು ಮಿತಾಹಾರವೆಂದು ಕರೆದಿದೆ. ಆ ನಾಲ್ಕನೆಯ ಭಾಗವು ಎಲ್ಲಿ ಮೊದಲಾಗುವುದೆಂಬುದನ್ನು ಯಾವ ಅಳತೆಯ ಪಾತ್ರೆಯೂ ಹೇಳದು. ಉಣ್ಣುವವನ ಲಕ್ಷ್ಯವೇ ಹೇಳಬೇಕು. ಮಾತಿನ ವಿಷಯದಲ್ಲಿ ಅದೇ ಗ್ರಂಥವು ಯೋಗವನ್ನು ಕೆಡಿಸುವ ಆರರಲ್ಲಿ ಅತಿಯಾದ ಊಟದೊಡನೆ ವ್ಯರ್ಥವಾದ ಹರಟೆಯನ್ನೂ ಎಣಿಸಿದೆ. ಹಣದ ವಿಷಯವು ಇವೆರಡಕ್ಕಿಂತ ಬಿಗಿಯಾದುದು. ಮಗಳ ಮದುವೆಗೆ ಎಷ್ಟು ಸಾಲವನ್ನು ಮಾಡಬೇಕೆಂದು ತಂದೆಯು ಆಲೋಚಿಸುವ ರಾತ್ರಿ, ಅವನ ಮನಸ್ಸಿನಲ್ಲಿ ಮಗಳ ಸುಖವೂ ನೆರೆಯವರ ಕಣ್ಣೂ ಕೂಡಿಯೇ ಇರುವುವು. ಹೊಲವನ್ನು ಅಡವಿಡುವ ಕಾಗದಕ್ಕೆ ರುಜು ಹಾಕುವ ಮುಂಚೆ ಇವೆರಡನ್ನೂ ಬೇರೆಬೇರೆಯಾಗಿ ಕಂಡರೆ, ಸಾಲದ ಮೊತ್ತವು ತಾನಾಗಿ ಇಳಿಯುವುದು. ಕಾಣದಿದ್ದರೆ ನೆರೆಯವರ ಕಣ್ಣಿಗಾಗಿ ಮಾಡಿದ ಸಾಲವನ್ನು ಮಗಳ ತಮ್ಮಂದಿರು ತೀರಿಸಬೇಕಾಗುವುದು.

ಆದರೆ ನೆನಪಿನಲ್ಲಿ ಇಡಬೇಕಾದ ಅಳತೆಯು ಮೊದಲು ಹೇಗೆ ದೊರೆಯುವುದು? ಈ ಸೀಮೆಯ ಇತಿಹಾಸದಲ್ಲಿಯೇ ಇದಕ್ಕೆ ಉತ್ತರವಿದೆ. ಹಾನಗಲ್ಲ ವಿರಕ್ತಮಠದ ಕುಮಾರ ಸ್ವಾಮಿಗಳು (೧೮೬೭–೧೯೩೦) ೧೯೦೯ರಲ್ಲಿ ಬಾದಾಮಿಯ ಹತ್ತಿರ ಮಲಪ್ರಭೆಯ ತೀರದಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದರು. ಅಲ್ಲಿ ವಟುಗಳಿಗೆ ಯೋಗಾಸನಗಳನ್ನೂ ಇಷ್ಟಲಿಂಗದ ಧ್ಯಾನವನ್ನೂ ಬೇರೆಯಾಗಿ ಕಲಿಸಲಿಲ್ಲ. ಶಾಸ್ತ್ರಾಧ್ಯಯನ, ಗೋಸೇವೆ, ವಿಭೂತಿಯನ್ನು ಸಿದ್ಧಪಡಿಸುವ ಕೆಲಸ ಇವುಗಳ ನಡುವೆ ಯೋಗವು ಸೇರಿಕೊಂಡಿತ್ತು. ಅಂಗೈಯ ಮೇಲಿನ ಲಿಂಗದಲ್ಲಿ ದೃಷ್ಟಿಯನ್ನಿಟ್ಟ ಬಾಲಕನು ಸಗಣಿಯನ್ನು ಬಾಚುವಾಗಲೂ ಅದೇ ಬಾಲಕನಾಗಿರಬೇಕೆಂಬುದು ಅಂಥ ಶಿಕ್ಷಣದ ಅರ್ಥ.

ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಹುಟ್ಟಿದ ಒಬ್ಬ ಕುರುಡ ಬಾಲಕನನ್ನು ಇದೇ ಸ್ವಾಮಿಗಳು ಕೈಹಿಡಿದು ಸಂಗೀತಕ್ಕೆ ಹಚ್ಚಿದರು. ಆತನೇ ಮುಂದೆ ಕರ್ನಾಟಕ ಮತ್ತು ಹಿಂದುಸ್ತಾನಿ ಎರಡು ಪದ್ಧತಿಗಳಲ್ಲಿಯೂ ನಿಷ್ಣಾತರಾಗಿ, ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧರಿಗೂ ಅನಾಥರಿಗೂ ವಿದ್ಯೆಯನ್ನು ದಾನಮಾಡಿದ ಪಂಚಾಕ್ಷರಿ ಗವಾಯಿಗಳು (೧೮೯೨–೧೯೪೪). ಅವರ ತರುವಾಯ ಆ ಆಶ್ರಮವನ್ನು ನಡೆಸಿದ ಪುಟ್ಟರಾಜ ಗವಾಯಿಗಳೂ (೧೯೧೪–೨೦೧೦) ಹಾನಗಲ್ಲ ತಾಲೂಕಿನವರೇ, ಎಳವೆಯಲ್ಲಿಯೇ ದೃಷ್ಟಿಯನ್ನು ಕಳೆದುಕೊಂಡವರೇ. ಸಂಗೀತವನ್ನು ಕಲಿಯುವವನಿಗೆ ಗುರುವು ಮೊದಲು ತಂಬೂರಿಯ ಶ್ರುತಿಯನ್ನು ಕೇಳಿಸುವನು. ಶಿಷ್ಯನು ತನ್ನ ಧ್ವನಿಯನ್ನು ಎಷ್ಟೇ ಲಕ್ಷ್ಯದಿಂದ ಕೇಳಿಕೊಂಡರೂ, ಶ್ರುತಿಯು ಕಿವಿಯಲ್ಲಿ ನಿಲ್ಲದಿದ್ದರೆ, ತಾನು ತಪ್ಪಿದುದು ಅವನಿಗೆ ತಿಳಿಯದು. ಶ್ರುತಿಯು ನಿಂತ ಬಳಿಕ ಸ್ವರವು ಕೂದಲೆಳೆಯಷ್ಟು ಜಾರಿದರೂ ಕಿವಿಯೇ ನೊಂದು ತಿದ್ದಿಕೊಳ್ಳುವುದು. ಹೊರಗಿನ ಬೆತ್ತವು ಬೇಕಾಗದು. ಯಮನಿಯಮಗಳು ಬಾಳಿನ ಶ್ರುತಿ. ಎಚ್ಚರವು ಅದನ್ನು ಕೇಳುವ ಕಿವಿ. ಕಿವಿಯಿಲ್ಲದ ಶ್ರುತಿಯು ಗೋಡೆಗೆ ಬಾರಿಸಿದ ತಂಬೂರಿ. ಶ್ರುತಿಯಿಲ್ಲದ ಕಿವಿಯು ತನ್ನ ಅಪಸ್ವರವನ್ನೇ ರಾಗವೆಂದು ನಂಬುವುದು. ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿದವರಿಂದ ಎರಡೂ ಕೆಡುವುವು.

ಕಡೆಗೆ ಎರಡು ಎಚ್ಚರಿಕೆಯ ಮಾತುಗಳು. ಮೊದಲನೆಯದು, ಎಚ್ಚರವು ಅಹಂಕಾರವಾಗಕೂಡದು. ತನ್ನ ಊಟ, ತನ್ನ ಉಸಿರು, ತನ್ನ ಶುದ್ಧಿ ಎಂದು ಹಗಲೆಲ್ಲ ತನ್ನನ್ನೇ ತೂಗಿಕೊಳ್ಳುವವನು ಮನೆಯವರಿಗೆ ಹೊರೆಯಾಗುವನು. ಹಠಯೋಗಪ್ರದೀಪಿಕೆಯು ಯೋಗವನ್ನು ಕೆಡಿಸುವ ಆರರಲ್ಲಿ ನಿಯಮಗಳ ಹಟವನ್ನೂ ಸೇರಿಸಿರುವುದು. ಪತಂಜಲಿಯೂ ಆಸನವು ಸಿದ್ಧಿಸಲು ಪ್ರಯತ್ನವನ್ನು ಸಡಿಲಿಸಬೇಕೆಂದಿರುವನು. ಅತಿಥಿಯು ಪ್ರೀತಿಯಿಂದ ಬಡಿಸಿದ ಹೋಳಿಗೆಯನ್ನು ಮುಖ ಗಂಟಿಕ್ಕಿ ತಳ್ಳುವ ಮಿತಾಹಾರಕ್ಕಿಂತ, ಅರ್ಧವನ್ನು ನಗುತ್ತ ಉಂಡು ಏಳುವ ಮಿತಾಹಾರವು ಲೇಸು. ಎರಡನೆಯದು, ಆಯ್ಕೆಯ ಅವಕಾಶವು ಎಲ್ಲರಿಗೂ ಸಮಾನವಾಗಿಲ್ಲವೆಂಬುದನ್ನು ಅರಿತಿರಬೇಕು. ದಿನಗೂಲಿಯು ಸಿಕ್ಕರೆ ಮಾತ್ರ ಒಲೆ ಹೊತ್ತುವ ಮನೆಯವರಿಗೆ ಆಹಾರದ ಆಯ್ಕೆಯನ್ನೂ ವಿರಾಮದ ಆಯ್ಕೆಯನ್ನೂ ಉಪದೇಶಿಸುವುದು ಕ್ರೌರ್ಯವಾಗುವುದು. ಅವರಲ್ಲಿ ಎಷ್ಟೋ ಮಂದಿ ಲಕ್ಕಮ್ಮನಂತೆ, ಇರುವ ಹಿಡಿಯಷ್ಟರಲ್ಲಿಯೇ, ಉಳ್ಳವರನ್ನು ನಾಚಿಸುವ ಎಚ್ಚರವನ್ನು ತೋರುತ್ತಿರುವುದೂ ಉಂಟು. ಯಾರ ಕೈಯಲ್ಲಿ ಹೆಚ್ಚು ಆಯ್ಕೆಗಳಿರುವುವೋ ಅವರಿಂದಲೇ ಹೆಚ್ಚು ಎಚ್ಚರವನ್ನು ಕೇಳುವುದು ನ್ಯಾಯ. ಕೂಲಿಯನ್ನು ಕೊಡುವವನ ಎಚ್ಚರದಿಂದ ಕೂಲಿಯವನ ಮನೆಯಲ್ಲಿ ಯೋಗಕ್ಕೆ ಬೇಕಾದ ಅರ್ಧ ಗಂಟೆಯ ವಿರಾಮವು ಹುಟ್ಟಬಹುದು.

ಆದುದರಿಂದ ಆಸನವನ್ನು ಹಾಕುವವರು ಹಾಕಲಿ. ಉಸಿರನ್ನು ನೋಡುವವರು ನೋಡಲಿ. ಅದರಿಂದ ಶರೀರಕ್ಕೂ ಮನಸ್ಸಿಗೂ ಹಿತವೇ ಆಗುವುದು. ಆದರೆ ಆ ಸಾಧನೆಯು ಫಲಿಸಿತೋ ಇಲ್ಲವೋ ಎಂಬುದನ್ನು ಬೆನ್ನು ಎಷ್ಟು ಬಾಗಿತೆಂಬುದರಿಂದ ಅಳೆಯತಕ್ಕದ್ದಲ್ಲ. ರಾಶಿಯನ್ನು ಅಳೆಯುವಾಗ ಕೈ ನೇರವಾಯಿತೇ, ಸಿಟ್ಟಿನ ಮಾತು ನಾಲಗೆಗೆ ಬಂದು ಹಿಂದಿರುಗಿತೇ, ಹೆಚ್ಚಾಗಿ ಬಂದ ಹಿಡಿ ಅಕ್ಕಿಯು ಕಣ್ಣಿಗೆ ಕಂಡಿತೇ ಎಂದು ಕೇಳಿಕೊಳ್ಳಬೇಕು. ಈ ಪ್ರಶ್ನೆಗಳಿಗೆ ಸಂಜೆಯ ಹೊತ್ತು ಹೌದೆಂಬ ಉತ್ತರವು ಒಂದಾದರೂ ದೊರೆತರೆ, ಅಂದಿನ ಯೋಗವು ಚಾಪೆಯನ್ನು ದಾಟಿ ಹೊಸ್ತಿಲನ್ನು ದಾಟಿ ಬೀದಿಯವರೆಗೆ ಬಂದಿತೆಂದು ತಿಳಿಯಬಹುದು.